ಹಿಂದಿನ ಒಲೆಯ ಪಾತ್ರೆ

ಜೂನ್ 3, ಸೋಮವಾರ

ಇವತ್ತೂ ಬೀನ್ಸ್ ತುಂಡುಗಳು ತಟ್ಟೆಯ ಅಂಚಿನಲ್ಲಿ, ಶವಗಳ ಹಾಗೆ ಸಾಲಾಗಿ. ಮಗನ ಕೆಲಸ. ರಾತ್ರಿಯೂಟ ಎಲ್ಲರಿಗೂ ಸಸ್ಯಾಹಾರ ಎಂಬ ನನ್ನ ಶಾಸನ ಜಾರಿಗೆ ಬಂದು ವಾರವಾಯಿತು. ಅವನು ಅದನ್ನು ಹಾಸ್ಯಾಹಾರ ಎನ್ನುತ್ತಾನೆ. ಈ ಶ್ಲೇಷೆಯ ರೋಗ ನನ್ನಿಂದಲೇ ಬಂದದ್ದು, ಬೈಯುವ ಹಾಗಿಲ್ಲ.

ಕಾರಣ ಮಗಳು. ಶಾಲೆಯಲ್ಲಿ ಅಸ್ಥಿಪಂಜರದ ಪಾಠ ಆಯಿತು. ಅವತ್ತು ರಾತ್ರಿ ತಟ್ಟೆಯಲ್ಲಿದ್ದ ಕೀಲುಮೂಳೆ ಎತ್ತಿ ಹಿಡಿದಳು. ತನ್ನ ಮಂಡಿ ಮುಟ್ಟಿ ನೋಡಿಕೊಂಡಳು. "ಇದು ನನಗೂ ಇದೆ" ಅಂದಳು. ಅಷ್ಟೇ. ಆಮೇಲೆ ಬ್ರೆಡ್ಡು, ಬರೀ ಬ್ರೆಡ್ಡು. ಹತ್ತು ವರ್ಷದ ಹುಡುಗಿ, ಆಟದ ಮೈದಾನದಲ್ಲಿ ತಲೆ ಸುತ್ತಿ ಬಿದ್ದಳು. ಡಾಕ್ಟರಮ್ಮ ಅಂದರು, "ಏನಾದ್ರೂ ತಿನ್ಲಿ, ಆದ್ರೆ ತಿನ್ಲಿ. ಅವಳೊಬ್ಬಳಿಗೇ ಬೇರೆ ಊಟ ಅಂತ ಮಾಡ್ಬೇಡಿ." ಎಲ್ಲರೂ ಅದನ್ನೇ ತಿಂದರೆ ಅವಳೂ ತಿಂದಾಳು ಎಂಬುದು ನನ್ನ ಲೆಕ್ಕ.

ಅವಳೂ ತಿನ್ನಲಿಲ್ಲ.

ಯಜಮಾನರದು ಮಾಂಸದಂಗಡಿ, ತಾತನ ಕಾಲದ್ದು. ಕತ್ತಿ ಮಸೆಯುವುದು ಕಸುಬು. ಈಗ ಮನೆಯಲ್ಲೂ ಓವರ್‌ಟೈಮ್.

"ಗಿರಾಕಿಗಳು ನಗ್ತಾರೆ ಕಣೇ. ನಾಳೆಯಿಂದ ಅಂಗಡೀಲಿ ಸೊಪ್ಪು ಮಾರ್ಲಾ?"

"ಮಾರಿ. ಬಾಡಿದ್ರೂ ಚಿಂತೆಯಿಲ್ಲ. ಬಾಡು ಮಾರಿ ಅಭ್ಯಾಸ ಇದ್ಯಲ್ಲ."

ತಟ್ಟೆ ತಳ್ಳಿ ಎದ್ದು ಹೋದರು.

ಜೂನ್ 5, ಬುಧವಾರ

ಬೇಳೆಗೆ ಸೊಪ್ಪು ಹಾಕಿದೆ. ನನಗೆ ಯಾರೂ ಸೊಪ್ಪು ಹಾಕಲಿಲ್ಲ.

ಅತ್ತೆ ತಟ್ಟೆ ಮೂಸಿ, "ರೋಗಿಷ್ಟರ ಊಟ" ಅಂದರು.

"ನಿಮ್ಮ ಮೊಮ್ಮಗಳು ಹಸಿದುಕೊಂಡಿದಾಳೆ ಅತ್ತೆ."

"ಹಸಿವಲ್ಲ ಕಣೇ. ನಿನ್ನ ಓದು ಅವಳ ಹೊಟ್ಟೆಗೆ ಹೊಕ್ಕಿದೆ."

ಕಾಲೇಜಿನಲ್ಲಿ ಪಾಠ ಮಾಡುವ ಸೊಸೆಯನ್ನು ಅವರು ಇವತ್ತಿಗೂ ಕ್ಷಮಿಸಿಲ್ಲ. ಎದ್ದು ಹಿಂದಿನ ಒಲೆಗೆ ಹೋದರು. ಅಲ್ಲಿ ಅವರ ದೊಡ್ಡ ಪಾತ್ರೆ. ಅಂಗಡಿಯಲ್ಲಿ ಉಳಿದ ಮೂಳೆಯೆಲ್ಲ ಬೆಳಿಗ್ಗೆ ಅದಕ್ಕೆ ಬೀಳುತ್ತದೆ; ದಿನವಿಡೀ ಸಣ್ಣ ಉರಿ. ಈ ಮನೆಗೆ ನನಗಿಂತ ಮೊದಲು ಬಂದದ್ದು ಅದು, ನನಗಿಂತ ಹೆಚ್ಚು ಮರ್ಯಾದೆಯೂ ಅದಕ್ಕೇ. ಒಂದು ಲೋಟ ರಸ ಬಗ್ಗಿಸಿಕೊಂಡು, ನನ್ನನ್ನೇ ನೋಡುತ್ತ, ಸದ್ದು ಮಾಡಿ ಕುಡಿದರು.

ಯುದ್ಧ ಘೋಷಣೆಗೆ ಶಂಖವೇ ಬೇಕೆಂದಿಲ್ಲ.

ಜೂನ್ 7, ಶುಕ್ರವಾರ. ಬೆಳಿಗ್ಗೆ

ಮಗಳ ಸ್ಕರ್ಟ್ ಸೊಂಟದಲ್ಲಿ ನಿಲ್ಲುತ್ತಿಲ್ಲ. ಪಿನ್ನು ಹಾಕಿ ಕಳಿಸಿದೆ.

ಜೂನ್ 10, ಸೋಮವಾರ

ಮೌಲ್ಯಮಾಪನ ಶುರು. ವಾರವೆಲ್ಲ ತಡ. ಮನೆಗೆ ಬರುವಷ್ಟರಲ್ಲಿ ಊಟ ಮುಗಿದಿತ್ತು. ಅಡುಗೆ ಯಾರದು? ಯಜಮಾನರದು! ಬೇಳೆ, ಕ್ಯಾರೆಟ್, ಆಲೂಗಡ್ಡೆ. ಮಗಳ ತಟ್ಟೆ ಬಳಿದಿಟ್ಟ ಹಾಗೆ ಖಾಲಿ. ಎರಡು ಸಲ ಹಾಕಿಸಿಕೊಂಡಳಂತೆ. ಮಗನೂ.

"ನಿನ್ನ ಬೇಳೆ ಬೇಯ್ಲಿಲ್ಲ, ನಂದು ಬೆಂತು" ಅಂದರು, ಮೀಸೆ ತಿರುವುತ್ತ.

ಆ ಮಾತು ನನಗೆ ಮೊದಲು ಹೊಳೆಯಬೇಕಿತ್ತು. ಎರಡು ಹೊಟ್ಟೆಕಿಚ್ಚು ಒಟ್ಟಿಗೆ.

ಜೂನ್ 14, ಶುಕ್ರವಾರ

ಅವರದೇ ಅಡುಗೆ, ದಿನಾ. ಅಂಗಡಿಯಲ್ಲಿ ತೊಡೆ ಕತ್ತರಿಸುವ ಕೈ ಮನೆಯಲ್ಲಿ ಹೂಕೋಸು ಬಿಡಿಸುತ್ತದೆ. ಮಗಳು ಕ್ಲಾಸಿಗೆಲ್ಲ ಹೇಳಿದಾಳಂತೆ: "ನಮ್ಮಪ್ಪ ಮಾಂಸದಂಗಡಿ ಇಟ್ಟಿದ್ರೂ ನನಗೋಸ್ಕರ ತರಕಾರಿ ಮಾಡ್ತಾರೆ." ಗಲ್ಲ ತುಂಬಿಕೊಂಡಿದೆ. ಅತ್ತೆ ಮಾತ್ರ ಮುಗುಳ್ನಗುತ್ತಾರೆ. ಆ ನಗು ನನಗೆ ಹಿಡಿಸುತ್ತಿಲ್ಲ.

ಜೂನ್ 17, ಸೋಮವಾರ

ಬೇಗ ಬಂದೆ. ಅವರು ಬೇಳೆ ತೊಳೆದು ಒಲೆಗಿಟ್ಟರು. ಮಾತಾಡುತ್ತಲೇ, ತಿರುಗಿಯೂ ನೋಡದೆ, ಕೈ ಹಿಂದಕ್ಕೆ ಹೋಯಿತು. ಹಿಂದಿನ ಪಾತ್ರೆಯಿಂದ ಒಂದು ಸೌಟು. ಇನ್ನೊಂದು. ಮತ್ತೊಂದು.

"ರೀ! ಏನ್ ಹಾಕ್ತಿದೀರಿ?"

"ಏನು? ನೀರು ಕಮ್ಮಿ ಆಗಿತ್ತು."

"ಅದು ಮೂಳೆ ರಸ."

"ಹೌದು. ಮಾಂಸ ಎಲ್ಲಿ ಹಾಕಿದೀನಿ?"

ಸುಳ್ಳಲ್ಲ. ಕಣ್ಣಲ್ಲಿ ಕಳ್ಳತನವೇ ಇಲ್ಲ. ಅವರು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಅತ್ತೆ ಏನು ಬೇಯಿಸಿದರೂ ಆ ಪಾತ್ರೆಯ ರಸದಲ್ಲೇ. ಹೇಳಿದ ಮೇಲೆ ಸೌಟನ್ನೇ ನೋಡುತ್ತ ನಿಂತರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ಅತ್ತೆಗೆ ಮೊದಲ ದಿನವೇ ಗೊತ್ತಂತೆ. "ಮಗು ಗಲ್ಲ ನೋಡು. ಬಾಯಿ ಬಿಟ್ಟೀಯ, ಜೋಕೆ."

ಅದನ್ನೇ ಮಗಳಿಗೆ ಬಡಿಸಿದೆ. ತಿಂದಳು. ನಾಳೆ ಹೇಳುತ್ತೇನೆ.

ಜೂನ್ 18, ಮಂಗಳವಾರ

ಹೇಳಲಿಲ್ಲ. ಬೆಳಿಗ್ಗೆ ಸ್ಕರ್ಟಿನ ಪಿನ್ನು ತೆಗೆದೆ. ಬೇಕಾಗಿಲ್ಲ ಈಗ.

ಜೂನ್ 20, ಗುರುವಾರ

ನನ್ನ ಅಡುಗೆ, ನಲ್ಲಿ ನೀರಲ್ಲಿ. ಮಗಳು ಒಂದು ತುತ್ತು ತಿಂದು ನಿಲ್ಲಿಸಿದಳು.

"ಅಮ್ಮ, ಅಪ್ಪ ಮಾಡಿದ ಹಾಗೆ ಯಾಕೆ ಬರಲ್ಲ ನಿನಗೆ?"

ಹೇಳಿಬಿಟ್ಟೆ.

ಅಳಲಿಲ್ಲ. ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. ನಲ್ಲಿ ಎಷ್ಟೋ ಹೊತ್ತು ಸುರಿಯುತ್ತಲೇ ಇತ್ತು. ಒದ್ದೆ ಮುಖದಲ್ಲೇ ಬಂದು ನಿಂತಳು.

"ನಿನಗೆ ಯಾವಾಗ ಗೊತ್ತಾಯ್ತು?"

"ಸೋಮವಾರ."

"ಇವತ್ತು ಗುರುವಾರ."

ರೂಮಿನ ಬಾಗಿಲು ಹಾಕಿಕೊಂಡಳು. ಮಗ ತಲೆ ತಗ್ಗಿಸಿ ತನ್ನ ಬೀನ್ಸನ್ನೆಲ್ಲ ತಿಂದ, ಒಂದೂ ಬಿಡದೆ.

"ತೃಪ್ತಿ ಆಯ್ತಾ?" ಅಂದರು ಯಜಮಾನರು.

"ಹಾಕಿದ್ದು ನೀವು."

"ನಾನು ಗೊತ್ತಿಲ್ದೆ ಹಾಕ್ದೆ. ನೀನು ಗೊತ್ತಿದ್ದೂ ಬಡಿಸ್ದೆ."

ಇದಕ್ಕೆ ಶ್ಲೇಷೆ ಹೊಳೆಯಲಿಲ್ಲ.

ಜೂನ್ 21, ಶುಕ್ರವಾರ

ಬ್ರೆಡ್ಡು. ಅರ್ಧ ಚೂರು. ಪಿನ್ನನ್ನು ಎಲ್ಲಿಟ್ಟೆನೋ ಹುಡುಕುತ್ತಿದ್ದೇನೆ.

ಜೂನ್ 23, ಭಾನುವಾರ. ಸಂಜೆ

ಮಧ್ಯಾಹ್ನ ಯಜಮಾನರು ಹೊಸ ಪಾತ್ರೆ ತಂದು ಅವಳ ರೂಮಿನ ಬಾಗಿಲಲ್ಲಿಟ್ಟರು. ಹೊಸ ಸೌಟು ಸಹ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಸ್ಟೂಲು ಎಳೆದುಕೊಂಡು ಸಿಂಕಿನ ಹತ್ತಿರ ಹತ್ತಿದಳು. ಪಾತ್ರೆ ತಾನೇ ತೊಳೆದಳು, ನಲ್ಲಿ ನೀರು ತಾನೇ ಹಿಡಿದಳು. ಅಪ್ಪ ಕ್ಯಾರೆಟ್ ಹೆಚ್ಚಿದರು. ಬೇಯುವವರೆಗೂ ಕಳ್ಳನಿಗೆ ಕಾವಲು ಕೂತ ಪೊಲೀಸಿನ ಹಾಗೆ ಅವರ ಕೈಯನ್ನೇ ನೋಡುತ್ತ ನಿಂತಳು.

ಮಗ ಒಂದು ತುತ್ತು ತಿಂದು, "ಸಪ್ಪೆ" ಅಂದ. ಅವಳು ಅವನನ್ನು ನೋಡಿದಳು. ಬಾಯಿ ಮುಚ್ಚಿದ.

ತಾನೂ ತಿಂದಳು. ನಿಧಾನ. "ಚೆನ್ನಾಗಿಲ್ಲ" ಅಂದಳು. ತಟ್ಟೆ ಮುಂದಕ್ಕೆ ತಳ್ಳಿದಳು. "ಇನ್ನೊಂಚೂರು."

ಅಪ್ಪನಿಗೆ ಹೇಳಿದ್ದು. ಉಪ್ಪು ಬೇಕಾ ಅಂತ ನಾನು ಕೇಳಿದೆ; ಎದ್ದು ಹೋಗಿ ತಾನೇ ಹಾಕಿಕೊಂಡಳು.

ಈಗ ಅಡುಗೆಮನೆಯಲ್ಲಿ ಏನೋ ಎಳೆದಾಡುವ ಸದ್ದು. ಅತ್ತೆ ಇರಬೇಕು... ಅಲ್ಲ. ಕೂತಲ್ಲಿಂದ ಬಗ್ಗಿ ನೋಡಿದೆ. ಮಗಳು. ಅತ್ತೆಯ ದೊಡ್ಡ ಪಾತ್ರೆ ಹಿಂದಿನ ಒಲೆಯಿಂದ ಇಳಿದು ನೆಲದ ಮೇಲೆ ಕೂತಿದೆ. ಅದರ ಜಾಗದಲ್ಲಿ ಅವಳ ಹೊಸದು. ಸ್ಟೂಲಿನ ಮೇಲೆ ಸೌಟು ಹಿಡಿದು ನಿಂತಿದ್ದಾಳೆ, ಒಬ್ಬಳೇ.

ಅತ್ತೆಯ ಚಪ್ಪಲಿ ಸದ್ದು ಹಜಾರ ದಾಟಿತು. "ಯಾರೇ ಅದು, ನನ್ನ ಪಾತ್ರೆ ಮುಟ್ಟಿದ್ದು?"

ಮಗಳು ಬಾಯಿ ತೆರೆಯುವ ಮೊದಲು ನಾನು ಹೋಗಿ "ನಾನೇ" ಅನ್ನಬೇಕು. ಪೆನ್ನು ಇಟ್ಟೆ.