ಉಳ್ಳಾಗಡ್ಡಿಯ ಪದರು

ಫೆ. 5, 2024, ಸೋಮ

ಬೆಳಗ್ಗಿನಿಂದ ಬಸುರಿಯರ ಸ್ಕ್ಯಾನೇ. ಅರ್ಧ ಔರಾದದವರು. ಜೆಲ್ ಖಾಲಿ, ಚಹಾ ಆರಿಹೋಯಿತು. ಕೊನೆಗೆ ಬಂದವನು — ಮಡೆಪ್ಪ! ನಮ್ಮೂರು ಭಾತಂಬ್ರಾದ ಬಾಲ್ಯದ ಗೆಳೆಯ, ಈಗ ಭಾಲ್ಕಿಯಲ್ಲಿ ಬಟ್ಟೆ ಅಂಗಡಿ. ಅಪ್ಪಿಕೊಳ್ಳೋಣವೆಂದರೆ ಕೈಯಲ್ಲಿ ಸರ್ಜನ್ ಅಮಿತಕುಮಾರರ ಚೀಟಿ. ವೃಷಣದಲ್ಲಿ ಗಡ್ಡೆ. ಊರವರ ಮಾತು ಕೇಳಿ, ನೀರು ತುಂಬಿದೆ ಎಂದು ಇಷ್ಟು ದಿನ ಲಂಗೋಟಿ ಬಿಗಿದುಕೊಂಡು ಕೂತಿದ್ದನಂತೆ. ಪುಣ್ಯಾತ್ಮ.

ಪ್ರೋಬ್ ಇಟ್ಟೆ. ನೀರಲ್ಲ, ಗಡ್ಡೆಯೇ. ಮಾನಿಟರ್ ಆಚೆ ತಿರುಗಿಸಿದೆ.

"ಏನ್ ಕಾಣ್ತದೋ ಮುಬ್ಬಾ?"

ಬಾಲ್ಯದ ಅದೇ ಅಡ್ಡಹೆಸರು. ನಾಳೆ ಇನ್ನೊಮ್ಮೆ ನೋಡಬೇಕು ಎಂದೆ.

ಒಂಬತ್ತನೇ ಕ್ಲಾಸಿನಲ್ಲಿ ಇಬ್ಬರಿಗೂ ಒಟ್ಟಿಗೇ ಮಂಗನಬಾವು. ಕೆನ್ನೆಗೆ ನೀಲಿ ಬಳಿದುಕೊಂಡು ಶಾಲೆ ತಪ್ಪಿಸಿದ ಖುಷಿ. ನನಗೆ ವಾಸಿಯಾಯಿತು. ಅವನಿಗೆ ಬಾವು ಕೆಳಗಿಳಿದು ಒಂದು ವೃಷಣ ಬತ್ತಿಯೇ ಹೋಯಿತು. ಈಗ ಗಡ್ಡೆ ಇರುವುದು ಉಳಿದ ಒಂದರಲ್ಲಿ. ಕ್ಯಾನ್ಸರ್ ಇರಬಹುದೆಂದು ಸರ್ಜನ್ ಅದನ್ನೇ ತೆಗೆಯುವ ಮಾತಾಡಿದ್ದಾರೆ. ಮದುವೆಯಾಗಿ ಮೂರು ತಿಂಗಳಾಗಿಲ್ಲ...

ಫೆ. 6

ಸಮಾಧಾನವಾಗಿ ನೋಡಿದೆ. ಅಂಚು ನೀಟು. ಡಾಪ್ಲರ್‌ನಲ್ಲಿ ಒಳಗೆ ರಕ್ತದ ಓಡಾಟವೇ ಇಲ್ಲ. ಒಳಗೆಲ್ಲ ಪದರು ಪದರು — ಉಳ್ಳಾಗಡ್ಡಿ ಅಡ್ಡ ಹೆಚ್ಚಿದಂತೆ. ಎಪಿಡರ್ಮಾಯ್ಡ್ ಸಿಸ್ಟ್ ಇರಬೇಕು. ಬಹಳ ಅಪರೂಪ, ಪುಸ್ತಕದಲ್ಲಷ್ಟೇ ಕಂಡಿದ್ದೆ. ಹಾಗಿದ್ದರೆ ಕ್ಯಾನ್ಸರ್ ಅಲ್ಲ. ಗಡ್ಡೆ ಮಾತ್ರ ತೆಗೆದು ಉಳಿದದ್ದು ಉಳಿಸಬಹುದು.

ಸರ್ಜನ್‌ಗೆ ಫೋನ್. ಒಪ್ಪಲಿಲ್ಲ. "ನಿಮ್ಮ ಅಂದಾಜು ತಪ್ಪಿದ್ರ ಅವನ ಜೀವಕ್ಕ ಬರ್ತದ್ರಿ." ಸುಳ್ಳಲ್ಲ. ಆಪರೇಷನ್ ನಡುವೆಯೇ ತುಂಡು ಪರೀಕ್ಷಿಸಿ ಮುಂದುವರಿಯೋಣ ಎಂದು ಗೋಗರೆದೆ. ಅದಕ್ಕೆ ಹೈದರಾಬಾದಿಗೇ ಹೋಗಬೇಕು. ಕೊನೆಗೆ ಹೂಂ ಅಂದರು. ನನ್ನ ಕೈಲಿ ಮಾತಾಡಿಸಿದ್ದು ಸ್ಕ್ಯಾನೋ, ದೋಸ್ತಿಯೋ? ಹೆದರಿಕೆಯಾಗುತ್ತಿದೆ.

ಫೆ. 14, ಮಧ್ಯಾಹ್ನ

ರಕ್ತಪರೀಕ್ಷೆ ನಾರ್ಮಲ್. ಈಗ ಅವನು ಹೈದರಾಬಾದಿನಲ್ಲಿ, ಆಪರೇಷನ್ ಟೇಬಲ್ ಮೇಲೆ.

ಡಬ್ಬಿ ತೆಗೆದರೆ ರೊಟ್ಟಿ, ಉಳ್ಳಾಗಡ್ಡಿ. ಭಾತಂಬ್ರಾದ ಬಾವಿ ನೆನಪಾಯಿತು. ಈಜಿ ಬಂದು ಕಟ್ಟೆಯ ಮೇಲೆ ಕೂತರೆ ಮಡೆಪ್ಪ ಮುಷ್ಟಿಯಿಂದ ಉಳ್ಳಾಗಡ್ಡಿ ಗುದ್ದುತ್ತಿದ್ದ. ದೊಡ್ಡ ಹೋಳು ಯಾವಾಗಲೂ ನನಗೇ. ಅವರ ಮನೆಯ ರೊಟ್ಟಿ, ನಮ್ಮ ಅಮ್ಮಿಯ ಉಪ್ಪಿನಕಾಯಿ. ಎಂಥ ದಿನಗಳು. ಡಬ್ಬಿ ಮುಚ್ಚಿಟ್ಟೆ.

ಫೋನ್ ಇನ್ನೂ ಬಂದಿಲ್ಲ.

ಜ. 20, 2025

ಗಡ್ಡೆ ಮಾತ್ರ ತೆಗೆದು, ಬಯಾಪ್ಸಿ ಕ್ಲೀನ್ ಬಂದಾಗಲೂ ಬರೆಯಲಿಲ್ಲ, ಸೋಮಾರಿ. ಇಂದು ಬರೆಯಲೇಬೇಕು. ಬಸುರಿಯರ ಸಾಲಿನಲ್ಲಿ ಮಡೆಪ್ಪನ ಹೆಂಡತಿ ಉಮಾಶ್ರೀ. ಹಿಂದೆ ಅವನು, ಕೈಯಲ್ಲಿ ರೊಟ್ಟಿಗಂಟು. ಪ್ರೋಬ್ ಇಟ್ಟೆ. ಮಿಣುಕು ಮಿಣುಕು ಹೃದಯ.

"ಏನ್ ಕಾಣ್ತದೋ ಮುಬ್ಬಾ?"

ಈ ಸಲ ಮಾನಿಟರ್ ಅವನ ಕಡೆಗೇ ತಿರುಗಿಸಿದೆ. ನೋಡಿದ. ಬಹಳ ಹೊತ್ತು ನೋಡಿದ. ಕಣ್ಣೊರೆಸಿಕೊಂಡು ಗಂಟು ಬಿಚ್ಚಿದ. ಉಳ್ಳಾಗಡ್ಡಿ ತೆಗೆದು ನನ್ನ ಮೇಜಿನ ಮೇಲಿಟ್ಟು, ಮುಷ್ಟಿ ಎತ್ತಿ —