ಗಿರಣಿ ಗೇಟಿಗೆ ಚೀನಾದ ಚರಟ

ಹುಬ್ಬಳ್ಳಿ, ಶುಕ್ರವಾರ

ಉಡಚಕ್ಕಾ,
ಜ್ವರ ಬಂದವರಿಗೆ ಡಾಕ್ಟರು, ಔಷಧ, ಪಗಾರದ ರಜೆ ಕೊಡುತ್ತೇವೆಂದಿದ್ದರು ಗಿರಣಿಯವರು; ಮೂರೂ ಇಲ್ಲ. "ಜ್ವರಾ-ಗಿರಾ ಎಲ್ಲಾ ಸುಳ್ಳು!" ಎಂದ ಮ್ಯಾನೇಜರ. ರವಿವಾರ ಕೂಲಿಕಾರರ ಸಭೆಯಲ್ಲಿ ಭಾಷಣ ಮಾಡಬೇಕಾದ ನಮ್ಮ ಗೌಸಮೊದ್ದೀನನೇ ಕೆಮ್ಮಿ ಕೆಮ್ಮಿ ಧ್ವನಿ ಕಳೆದುಕೊಂಡಿದ್ದ. ಓಣಿಗೆ ರೇಷ್ಮೆ ಮಾರಲು ಬಂದ ಚೀನಾದವನೊಬ್ಬ ಜೇಷ್ಠಮಧು, ಒಣಹೂ ಕುದಿಸಿ ಕುಡಿಸಿದ. ಉಳಿದ ಚರಟವನ್ನು ದಾರಿಗೆ ಸುರಿದ. ತುಳಿದವರ ಸಂಗಡ ರೋಗ ಹೋಗುವುದಂತೆ, ನಮ್ಮ ನಿವಾಳಿಯ ಹಾಗೆಯೇ! ಇಂದು ನಾವು ಒಳಹೊಕ್ಕ ಮೇಲೆ ಇಂದಿನ ಕಷಾಯದ ಚರಟವನ್ನು ಗಿರಣಿ ಗೇಟಿಗೆ ಅಡ್ಡಲಾಗಿ ಸುರಿದೆವು. ತುಳಿದರೆ ರೋಗವೆಂಬ ಸುದ್ದಿ ಕೇಳಿದ್ದ ಮ್ಯಾನೇಜರ ಹೊರಗೇ ನಿಂತ. ಗೌಸ ಒಡಕು ದನಿಯಲ್ಲೇ ಕೂಗಿದ: "ಜ್ವರಾ ಸುಳ್ಳಲ್ಲೇನ್ರಿ ಸಾಹೇಬ್ರ? ಹಂಗಾರ ದಾಟಿ ಬರ್ರಿ!" ದಾಟಲಿಲ್ಲ.

ನಾನು ಆರಾಮ, ಅವ್ವನಿಗೆ ಹೇಳು. ಅದೇ ಗೇಟಿನ ಮುಂದೆ ಸಭೆ, ಗೌಸನದೇ ಭಾಷಣ: ರವಿವಾರ ಮುಂಜಾನೆ ಎಂಟಕ್ಕೆ.

ತಮ್ಮ ಅರ್ಜುನಪ್ಪ