ಅವ್ವನ ದನಿ ಇಟ್ಟ ಪ್ಯಾಕೇಜು

೩ ಆಗಸ್ಟ್ ೨೦೦೯, ಸೋಮವಾರ

ಮತ್ತೆ ನೆಟ್ ಹೋಯಿತು. ಅವ್ವನಿಗೆಂದು ಹುಡುಕಿದ ಸಾಫ್ಟ್‌ವೇರಿನ ಡೌನ್‌ಲೋಡ್ ಅರ್ಧಕ್ಕೇ ನಿಂತಿತು. ಕಂಪ್ಯೂಟರ್ ಸೆಂಟರಿನ ಹುಡುಗರು ಟೈಪಿಂಗ್ ಕುಟ್ಟುತ್ತಿದ್ದರು, ನಾನು ತಲೆ ಹಿಡಿದು ಕೂತಿದ್ದೆ. ಸೆಂಟರ್ ನಡೆಸುವ ಯರ್ರಿಸ್ವಾಮಿ ಸರ್ ಇಣುಕಿ ನೋಡಿದರು.

“ಒಂದೊಂದಾ ಫೈಲು ಕೈಲೆ ಹುಡುಕ್ಯಂತ ಕುಂತ್ರ ಯಾವಾಗ ಮುಗೀತತಿ ಭಾಗ್ಯಾ? ವಿಂಡೋಸ್ ಬದ್ಲಿಗೆ ಲಿನಕ್ಸ್ ಸಿಡಿ ಕೊಡ್ತೀನಿ, ಹಾಕ್ಕ. ಅದ್ರಾಗ ಪ್ಯಾಕೇಜ್ ಮ್ಯಾನೇಜರ್ ಐತಿ. ಹೆಸರು ಹೇಳು ಸಾಕು, ಬೇಕಾದ್ದೆಲ್ಲಾ ಅದಾ ತರ್ತತಿ.”

ಮೊದಲೇ ಹೇಳಬಾರದಿತ್ತೇ ಪುಣ್ಯಾತ್ಮ! ಹದಿನೇಳಕ್ಕೆ ದಾವಣಗೆರೆಯಲ್ಲಿ ಅವ್ವನ ಗಂಟಲ ಆಪರೇಶನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಅಷ್ಟರೊಳಗೆ ಅವಳ ಮಾತು ಹಿಡಿದಿಡಬೇಕು. ಆಮೇಲೆ ಬರೆದು ತೋರಿಸಲಿ ಅಂದರೆ ಅವಳಿಗೆ ಅಕ್ಷರ ಬಾರದು.

೫ ಆಗಸ್ಟ್

ಸರ್ ಕೊಟ್ಟ ಹಳೇ ಮಷಿನ್ ಮನೆಗೆ ತಂದು ಲಿನಕ್ಸ್ ಹಾಕಿದೆ. ಮಾತು ಬಾರದವರಿಗೆಂದೇ ಮಾಡಿದ ಪ್ಯಾಕೇಜು ಒಂದಿದೆ. ಒಂದನ್ನು ಕರೆದರೆ ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳು, ಬೀಗರ ಬಳಗವೇ ಬಂತು… ಮೊಬೈಲ್ ನೆಟ್ಟಿನಲ್ಲಿ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಇಳಿಯಿತು.

ಬ್ರೌಸರಿನಲ್ಲಿ ಚಿತ್ರದ ಗುಂಡಿಗಳು. ಒಳಗೆಲ್ಲ ಜಾವಾಸ್ಕ್ರಿಪ್ಟು ಕೋಡು. ಲೋಟ ಒತ್ತಿದರೆ ಯಾರೋ ಇಂಗ್ಲಿಷ್ ಹೆಂಗಸು “ವಾಟರ್” ಅನ್ನುತ್ತಾಳೆ. ಅಪ್ಪ ಬೆಚ್ಚಿಬಿದ್ದ. “ಯಾರಲೇ ಇವಳು, ಮನ್ಯಾಗ ಹೊಕ್ಯಂಡಾಳ?”

೯ ಆಗಸ್ಟ್, ಭಾನುವಾರ

ಅವ್ವನಿಗಾಗಿ ಅಪ್ಪ ಇವತ್ತು ಮಂಡಕ್ಕಿ ಭಟ್ಟಿ ನಿಲ್ಲಿಸಿದ. ಆ ಸದ್ದಿನ ಮೇಲೆ ಕೂಗಿ ಕೂಗಿ ಅವಳಿಗೆ ಮೆತ್ತಗೆ ಮಾತಾಡಿಯೇ ಗೊತ್ತಿಲ್ಲ. ಈಗ ದನಿ ಒಡೆದಿದೆ, ಆದರೂ ಮೈಕಿನ ಮುಂದೆ ಗದರಿಸಿದ ಹಾಗೇ ಹೇಳಿದಳು. “ನೀರು ಕೊಡು.” “ಹೊಟ್ಟಿ ಹಸದೈತಿ.” “ಭಾಗ್ಯಾ, ಬಾರಲೇ.” ಅಪ್ಪನಿಗೆ ಮಾತ್ರ “ಏನ್ರೀ, ಬರ್ರಿ ಉಣ್ಣಾಕ” — ಅಷ್ಟು ಹೇಳುವಷ್ಟರಲ್ಲಿ ನಾಚಿದಳು, ಈ ವಯಸ್ಸಿಗೆ!

ಇಂಗ್ಲಿಷ್ ಹೆಂಗಸಿನ ಫೈಲು ತೆಗೆದು, ಅದೇ ಹೆಸರಿನಲ್ಲಿ ಅವ್ವನದನ್ನು ಕೂಡಿಸಿದೆ. ಜಾಗ ಸಿದ್ಧ ಇರುವಾಗ ಬೇರೆ ಫೋಲ್ಡರ್ ಯಾಕೆ? ಕೆಲಸ ಮಾಡಿತು. ಅವ್ವ ಒತ್ತಿ ಒತ್ತಿ ಯಾವ ಗುಂಡಿ ಎಲ್ಲಿ ಅಂತ ಕಲಿತಳು.

೧೧ ಆಗಸ್ಟ್

ಅವ್ವನ ದನಿಯ ಒಂದು ಕಾಪಿ ಸೆಂಟರಿನಲ್ಲಿ ಇಟ್ಟಿದ್ದೆ. ಕತ್ತೆ ನನ್ನ ಮಕ್ಕಳು ಅದನ್ನು ಹಚ್ಚಿ ಬಿದ್ದು ಬಿದ್ದು ನಗುತ್ತಿದ್ದರು. ಒಬ್ಬ ಅಣಕಿಸುತ್ತಲೂ ಇದ್ದ. ಮೈ ಉರಿದುಹೋಯಿತು. ಅಲ್ಲೇ ಅಳಿಸಿದೆ. ಕಾಪಿ ಒಯ್ದಿದ್ದ ಸೆಂಟರಿನ ಪೆನ್‌ಡ್ರೈವನ್ನೂ ಖಾಲಿ ಮಾಡಿ ಕೊಟ್ಟೆ.

“ಛಲೋ ಮಾಡಿದಿ. ನನ್ನ ಮಾತು ಮನ್ಯಾಗ ಇದ್ರ ಸಾಕು” ಅಂದಳು ಅವ್ವ.

೧೯ ಆಗಸ್ಟ್, ದಾವಣಗೆರೆ

ಆಯಿತು. ಕುತ್ತಿಗೆಯಲ್ಲಿ ತೂತು, ಅದರಲ್ಲೇ ಉಸಿರು. ಎಚ್ಚರವಾದಾಗ ಏನೋ ಹೇಳಲು ಬಾಯಿ ತೆರೆದಳು… ಬರೀ ತುಟಿ ಅಲುಗಿತು. “ಮನ್ಯಾಗ ಎಲ್ಲಾ ರೆಡಿ ಐತಿ ಅವ್ವಾ” ಅಂದೆ. ತಲೆ ಆಡಿಸಿದಳು.

೨೨ ಆಗಸ್ಟ್, ಕೊಟ್ಟೂರು

ಅಪ್ಪನನ್ನು ಅವ್ವನ ಹತ್ತಿರ ಬಿಟ್ಟು, ಬಟ್ಟೆ ಒಯ್ಯಲು ಮನೆಗೆ ಬಂದಿದ್ದೆ. ಮಷಿನ್ ಹಚ್ಚಿದೆ. ಪರದೆಯ ಮೇಲೆ ಕನ್ನಡ ಒತ್ತಕ್ಷರ ಒಡೆದು ಕಾಣುತ್ತಿದ್ದವು, ಅವ್ವ ಓದದಿದ್ದರೂ ಅವಳು ಬರುವುದರೊಳಗೆ ಸರಿ ಮಾಡೋಣ, ಎಲ್ಲ ಪ್ಯಾಕೇಜು ಹೊಸದಾಗಲಿ ಅಂತ ಅಪ್‌ಗ್ರೇಡ್ ಕೊಟ್ಟೆ. ಮುಂದುವರಿಯಲೇ ಅಂತ ಕೇಳಿತು. ಹೌದು ಅಂತ ವೈ ಒತ್ತಿದೆ. ಇಳಿಯಿತು, ಕೂತಿತು.

ಲೋಟ ಒತ್ತಿದೆ.

“ವಾಟರ್.”

ಎಲ್ಲ ಒತ್ತಿದೆ. ಎಲ್ಲ ಆ ಇಂಗ್ಲಿಷಿನವಳೇ. ಅವ್ವ ಒಂದರಲ್ಲೂ ಇಲ್ಲ.

೨೩ ಆಗಸ್ಟ್

ಸರ್ ಬಂದು ನೋಡಿದರು. “ಅದು ಪ್ಯಾಕೇಜಿನ ಜಾಗ ಭಾಗ್ಯಾ. ಹೊಸದು ಬಂದ್ರ ತನ್ನ ಫೈಲು ತಾನಾ ಹಾಕ್ಕಂತತಿ. ನಮ್ಮದು ಬ್ಯಾರೆ ಇಡಬೇಕಿತ್ತು.” ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರನ್ನು ಮಷಿನಿಗೂ ಸೆಂಟರಿನ ಪೆನ್‌ಡ್ರೈವಿಗೂ ಹಾಕಿದರು. ಸಿಕ್ಕಿದ್ದು ಗರಗರ ಸದ್ದು ಮಾತ್ರ.

ಸರ್ ಮೇಲೆ ಸಿಟ್ಟು. ಆ ಹುಡುಗರ ಮೇಲೆ ಸಿಟ್ಟು. ಯಾರ ಮೇಲೆ ಬಂದರೇನು, ವೈ ಒತ್ತಿದ್ದು ನಾನು. ಇನ್ನೊಮ್ಮೆ ಹೇಳು ಅವ್ವಾ ಅನ್ನಲು ಆಗುತ್ತದೆಯೇ? ಈ ಕೈ ಕತ್ತರಿಸಿ ಒಗೆಯಬೇಕು ಅನ್ನಿಸುತ್ತದೆ.

೨೬ ಆಗಸ್ಟ್

ಭಟ್ಟಿಗೆ ಕೆಲಸಕ್ಕೆ ಬರುವ ಹುಲುಗಮ್ಮನ ಮುಂದೆ ಅತ್ತುಬಿಟ್ಟೆ. “ನಿನ್ನ ಧ್ವನಿ ನಿಮ್ಮವ್ವನಂಗಾ ಐತೆಲ್ಲಾ. ನೀನಾ ಹೇಳಿ ಹಾಕು. ಆಕಿಗೇನ್ ತಿಳೀತತಿ?” ಅಂದಳು.

ಕೂತು ಹೇಳಿದೆ. ಗದರಿಸಿ, ಎಳೆದು, ಅವ್ವನ ಹಾಗೆ. ಈ ಸಲ ಬೇರೆ ಫೋಲ್ಡರಿನಲ್ಲಿ ಇಟ್ಟು, ಸೆಂಟರಿನಲ್ಲೂ ಒಂದು ಕಾಪಿ. ಬುದ್ಧಿ ಬಂತು, ಹೊತ್ತು ಮೀರಿದ ಮೇಲೆ.

ಒಂದು ಮಾತ್ರ ಆಗಲಿಲ್ಲ — “ಏನ್ರೀ.” ಹೆಂಡತಿ ಗಂಡನನ್ನು ಕರೆಯುವ ಹಾಗೆ ಅಪ್ಪನನ್ನು ಕರೆಯಲೇ? ಥೂ. ಬಾಯಿಗೇ ಬರಲಿಲ್ಲ. ಆ ಗುಂಡಿ ತೆಗೆದುಬಿಟ್ಟೆ.

೨ ಸೆಪ್ಟೆಂಬರ್

ಅವ್ವನನ್ನು ಕರೆತಂದೆವು. ಕುಂತವಳೇ ಮಷಿನ್ ಕಡೆ ಕೈ ತೋರಿಸಿದಳು.

ಲೋಟ ಒತ್ತಿದಳು. “ನೀರು ಕೊಡು.” ಅಪ್ಪನಿಗೆ ಕಣ್ಣು ತುಂಬಿತು. “ನೋಡಿದೇನು, ನಿಂದಾ ಧ್ವನಿ!” ಅಂದ. ಅವನಿಗೂ ನಾನು ಹೇಳಿರಲಿಲ್ಲ.

ಅವ್ವ ಇನ್ನೊಂದು ಒತ್ತಿದಳು, ಮತ್ತೊಂದು ಒತ್ತಿದಳು. ಆಮೇಲೆ ಬೆರಳು ಅಪ್ಪನ ಗುಂಡಿ ಇದ್ದ ಜಾಗಕ್ಕೆ ಹೋಯಿತು. ಅಲ್ಲಿ ಇಲ್ಲ. ಸುತ್ತ ಹುಡುಕಿದಳು. ನನ್ನ ಮುಖ ನೋಡಿದಳು.

ತಡೆಯಲಿಲ್ಲ, ಎಲ್ಲ ಹೇಳಿಬಿಟ್ಟೆ. ಅಪ್ಪ ಎದ್ದು ಭಟ್ಟಿ ಕಡೆ ಹೋದ. ಅವ್ವ ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

೪ ಸೆಪ್ಟೆಂಬರ್

ಅವ್ವ ನಿನ್ನೆಯೆಲ್ಲ ಮಷಿನ್ ಮುಟ್ಟಲಿಲ್ಲ. ಗೋಡೆ ತಟ್ಟಿ ಕರೆದಳು, ಕೈಸನ್ನೆ ಮಾಡಿದಳು. ಇನ್ನು ಮುಟ್ಟುವುದಿಲ್ಲ. ಮುಟ್ಟು ಅನ್ನಲು ನನಗೆ ಮುಖವಿಲ್ಲ. ಮಷಿನನ್ನು ಸರ್‌ಗೆ ವಾಪಸ್ ಕೊಟ್ಟುಬಿಡಲೇ ಅಂತ ಇಲ್ಲಿ ಪಡಸಾಲೆಯಲ್ಲಿ ಕೂತು—

ಒಳಗೆ ಮಷಿನ್ ಹಚ್ಚಿದ ಸದ್ದು.

“ಭಾಗ್ಯಾ, ಬಾರಲೇ.”

ನನ್ನದೇ ದನಿ. ಮತ್ತೆ ಒತ್ತಿದಳು. “ಭಾಗ್ಯಾ, ಬಾ—”

ಬಂದೆ ಅವ್ವಾ